ಹಡಗಿನಲ್ಲಿ ಬೈ ಟು ಇಲ್ಲ

ಟೂರ್ ಮ್ಯಾನೇಜರ್ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ಒಂದೇ ಮಾತು: “ಆಂಟಿ, ಫ್ರೀಯಾಗಿ ಊರೆಲ್ಲಾ ಸುತ್ತಬಹುದಲ್ವಾ?” ಸುತ್ತಬಹುದು ಕಣ್ರಪ್ಪಾ, ಧಾರಾಳವಾಗಿ ಸುತ್ತಬಹುದು. ನಾನೂ ಸುತ್ತಿದ್ದೇನೆ. ತಾಜಮಹಲಿನ ಮುಂದೆ ನಿಂತಾಗ ತಾಜಮಹಲು ನನ್ನ ಬೆನ್ನ ಹಿಂದಿತ್ತು. ಕಣ್ಣೆದುರಿಗಿದ್ದದ್ದು ನಮ್ಮ ಗುಂಪಿನ ತಲೆಗಳು. ಅವನ್ನು ಎಣಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಗುತ್ತಿತ್ತು.

ನಾನಿದ್ದ ಕಂಪನಿಯ ಆಫೀಸು ವಿಜಯನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ನನ್ನ ಬಡ್ತಿಯ ಕಥೆ ಬರೆಯುವುದಿಲ್ಲ. ಸೇರಿದಾಗ ‘ನಾಗರತ್ನ’ ಆಗಿದ್ದೆ, ನಿವೃತ್ತಿಯಾದಾಗ ‘ನಾಗರತ್ನಮ್ಮ’ ಆಗಿದ್ದೆ. ಬೇಕಾದರೆ ಅದನ್ನೇ ಬಡ್ತಿ ಎಂದುಕೊಳ್ಳಿ.

ಮೊದಲೆಲ್ಲ ಬಸ್ಸಿನಲ್ಲಿ ಕಾಶಿಗೆ, ರಾಮೇಶ್ವರಕ್ಕೆ ಹೋಗುತ್ತಿದ್ದೆವು. ಅಡುಗೆಭಟ್ಟರು ನಮ್ಮ ಜೊತೆಯಲ್ಲೇ ಬರುತ್ತಿದ್ದರು. ಬಸ್ಸು ನಿಂತಲ್ಲಿ ಸ್ಟೌ ಹಚ್ಚಿ, ಡಿಕಾಕ್ಷನ್ ಇಳಿಸಿ, ದೊಡ್ಡ ಪಾತ್ರೆಯಲ್ಲಿ ಕಾಫಿ ಬೆರೆಸುತ್ತಿದ್ದರು. ಯಾರು ಎಷ್ಟು ಕುಡಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ವಿಮಾನ ಬಂತು, ವಾಟ್ಸಾಪ್ ಗ್ರೂಪ್ ಬಂತು, ಕೊನೆಗೆ ಹಡಗೂ ಬಂತು. ಈ ಹಡಗಿನವರದು ವಿಚಿತ್ರ ಸಂಪ್ರದಾಯ. ಊಟ ಎಷ್ಟು ಬೇಕಾದರೂ ಬಡಿಸಿಕೊಳ್ಳಿ, ಹೊಟ್ಟೆ ಬಿರಿಯುವಷ್ಟು ತಿನ್ನಿ, ಯಾರೂ ಏನೂ ಅನ್ನುವುದಿಲ್ಲ. ಗಂಟಲು ಒಣಗಿತು ಅಂದಿರೋ, ಕಾರ್ಡ್ ಕೊಡಿ ಅನ್ನುತ್ತಾರೆ. ನಮ್ಮ ರಾಜಾಜಿನಗರ, ಬಸವೇಶ್ವರನಗರದ ಜನ ಟಿಕೆಟ್ಟಿಗೆ ಸುರಿದ ದುಡ್ಡನ್ನು ಹಡಗು ಹತ್ತುವ ಮೊದಲೇ ಮರೆತುಬಿಡುತ್ತಾರೆ. ನಿಂಬೆಹಣ್ಣಿನ ಜ್ಯೂಸಿಗೆ ಕೊಟ್ಟಿದ್ದನ್ನು ಮಾತ್ರ ಮೊಮ್ಮಕ್ಕಳ ಮದುವೆಯವರೆಗೂ ಹೇಳಿಕೊಂಡು ತಿರುಗುತ್ತಾರೆ.

ಇದಕ್ಕೆಲ್ಲ ಮೂಲ ನಮ್ಮ ಮಾಲೀಕರು, ಗೋಪಿನಾಥ್ ಸಾರ್. ಒಳ್ಳೆಯ ಮನುಷ್ಯ, ಸಂಬಳ ತಪ್ಪಿಸಿದವರಲ್ಲ. ಆದರೆ ಅವರು ಅಚ್ಚು ಹಾಕಿಸುತ್ತಿದ್ದ ಕರಪತ್ರದಲ್ಲಿ ‘ಎಲ್ಲವೂ ಉಚಿತ’ ಎಂದು ದಪ್ಪ ಅಕ್ಷರಗಳಿರುತ್ತಿದ್ದವು. ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ. ಅದರ ಅರ್ಥ ಕೆಳಗೆ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಪುಟ್ಟದಾಗಿ: ‘ಪಾನೀಯಗಳನ್ನು ಹೊರತುಪಡಿಸಿ’.

“ಸಾರ್, ಇದನ್ನ ಸ್ವಲ್ಪ ದಪ್ಪ ಮಾಡ್ಸಿ ಸಾರ್. ಅಲ್ಲಿ ಬೈಸ್ಕೊಳ್ಳೋಳು ನಾನು” ಎಂದರೆ, “ದಪ್ಪ ಮಾಡಿದ್ರೆ ಯಾರಮ್ಮ ಬುಕ್ ಮಾಡ್ತಾರೆ? ನೀವಿದೀರಲ್ಲ, ನಗ್ನಗ್ತಾ ಹೇಳ್ಬಿಡಿ” ಎನ್ನುತ್ತಿದ್ದರು. ಆ ಪುಟ್ಟ ನಕ್ಷತ್ರವನ್ನು ನಡುಸಮುದ್ರದಲ್ಲಿ ನಗುನಗುತ್ತಾ ವಿವರಿಸುವುದೇ ನನ್ನ ವೃತ್ತಿಜೀವನದ ಕೊನೆಯ ವರ್ಷಗಳ ಕಸುಬಾಯಿತು.

ನಿಮಗೆ ಉಪಯೋಗಕ್ಕೆ ಬರುವ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹಡಗಿನ ಡೈನಿಂಗ್ ಹಾಲ್‌ನಲ್ಲಿ ಕುಡಿಯುವ ನೀರು ಪುಕ್ಕಟೆ. ಅಲ್ಲೇ ಒಂದು ಮಷಿನ್ನಿನ ಕಾಫಿ, ಟೀ ಇರುತ್ತದೆ, ಅದೂ ಪುಕ್ಕಟೆ. ಪ್ರಯಾಣಿಕರಿಗೆ ಮನೆಯಿಂದ ಖಾಲಿ ಬಾಟಲಿ ತರಲು ಹೇಳಿ, ಊಟಕ್ಕೆ ಹೋದಾಗಲೆಲ್ಲ ತುಂಬಿಸಿಕೊಳ್ಳಲಿ. ರೂಮಿನ ಪುಟ್ಟ ಫ್ರಿಜ್ಜಿನಲ್ಲಿ ಇಟ್ಟಿರುವುದನ್ನು ಮುಟ್ಟಬೇಡಿ ಎಂದು ದೇವರ ಮೇಲೆ ಆಣೆ ಇಟ್ಟು ಹೇಳಿ. ಅದು ನಮ್ಮ ಆತಿಥ್ಯಕ್ಕೆ ಇಟ್ಟದ್ದೆಂದು ಭಾವಿಸಿ ಎಲ್ಲವನ್ನೂ ಕುಡಿದು, ಖಾಲಿ ಡಬ್ಬಿಗಳನ್ನು ತೊಳೆದು ಸಾಲಾಗಿ ಜೋಡಿಸಿಟ್ಟ ಪುಣ್ಯಾತ್ಮರನ್ನು ನಾನು ಕಂಡಿದ್ದೇನೆ. ಬಿಲ್ಲು ಬಂದಾಗ ಅವರು ಬೈದದ್ದು ಹಡಗಿನವರನ್ನಲ್ಲ, ನನ್ನನ್ನು.

ಮಷಿನ್ನಿನ ಕಾಫಿ ಪುಕ್ಕಟೆ ಎಂದೆನಲ್ಲ, ಅದು ಪಾತ್ರೆ ತೊಳೆದ ನೀರಿಗೆ ಅಣ್ಣನೋ ತಮ್ಮನೋ ಆಗಬೇಕು. ಬಸವೇಶ್ವರನಗರದ ಒಬ್ಬ ನಿವೃತ್ತ ಮೇಷ್ಟ್ರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಮನೆಯಿಂದ ನೀರು ಕಾಯಿಸುವ ಕಾಯಿಲ್ ತಂದಿದ್ದರು, ಬನಿಯನ್ನಿನಲ್ಲಿ ಸುತ್ತಿ ಬಚ್ಚಿಟ್ಟಿದ್ದರು. ಹಡಗಿನಲ್ಲಿ ಅದು ನಿಷಿದ್ಧ. ಮೇಷ್ಟ್ರು ಐಸ್ ಇಡುವ ಬಕೀಟಿನಲ್ಲಿ ನೀರು ತುಂಬಿ, ಕಾಯಿಲ್ ಇಳಿಬಿಟ್ಟು, ಸ್ವಿಚ್ ಹಾಕಿದ್ದೇ ತಡ, ಅವರ ಸಾಲಿನ ರೂಮುಗಳ ಕರೆಂಟೆಲ್ಲ ಹೋಯಿತು. ಹಡಗೇ ಮುಳುಗುತ್ತಿದೆ ಎಂದುಕೊಂಡು ಜನ ಲೈಫ್ ಜಾಕೆಟ್ ತೊಟ್ಟು ಹೊರಗೆ ಓಡಿದರು. ಮೇಷ್ಟ್ರೂ ಜಾಕೆಟ್ ತೊಟ್ಟು ಅವರ ಜೊತೆಯಲ್ಲೇ ನಿಂತು, “ಛೆ ಛೆ, ಏನು ಮೇಂಟೆನೆನ್ಸೋ ಇವರದು!” ಎಂದು ಬೈದರು. ಕೈಯಲ್ಲಿ ಕಾಫಿಪುಡಿಯ ಪೊಟ್ಟಣ ಹಾಗೇ ಇತ್ತು.

ಇಂಥವೆಲ್ಲ ಬೇಕಾದಷ್ಟು ಇವೆ. ಆದರೆ ನಾನು ಕೂತು ಬರೆಯಬೇಕು ಅನ್ನಿಸಿದ್ದು ಜಯಮ್ಮನವರಿಂದ.

ಜಯಮ್ಮನವರ ಯಜಮಾನರು ಶಿವಣ್ಣ. ಸುಂಕದಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಚೆನ್ನಾಗಿ ಸಂಪಾದಿಸಿ, ಬಸವೇಶ್ವರನಗರದಲ್ಲಿ ಮನೆ ಕಟ್ಟಿ, ಮೇಲಿನ ಪೋರ್ಷನ್‌ಗಳನ್ನು ಬಾಡಿಗೆಗೆ ಕೊಟ್ಟವರು. ಬೆಳಗ್ಗೆ ಪಾರ್ಕಿನಲ್ಲಿ ಜೊತೆಗೆ ವಾಕ್ ಮಾಡುವ ಕೃಷ್ಣಪ್ಪ ಎಂಬ ಗೆಳೆಯರನ್ನೂ, ಅವರ ಹೆಂಡತಿ ಸಾವಿತ್ರಮ್ಮನವರನ್ನೂ ಕಟ್ಟಿಕೊಂಡು ನಾಲ್ವರೂ ನಮ್ಮ ಆಫೀಸಿಗೆ ಬಂದರು. ಮುಂಬೈಯಿಂದ ಹೊರಟು ಗೋವಾ, ಲಕ್ಷದ್ವೀಪ ಮುಟ್ಟಿ ಬರುವ ಹಡಗಿನ ಟೂರ್‌ಗೆ ಹೆಸರು ಬರೆಸಲು.

ನಾನು ಪದ್ಧತಿಯಂತೆ ಕೆಳಗಿನ ಬೇಕರಿಗೆ ಫೋನ್ ಮಾಡಿ “ನಾಲ್ಕು ಕಾಫಿ” ಎನ್ನುವಷ್ಟರಲ್ಲಿ ಶಿವಣ್ಣ ಕೈ ಅಡ್ಡ ಹಿಡಿದರು. “ಮೇಡಂ ಮೇಡಂ, ನಮ್ಮಿಬ್ರಿಗೆ ಒಂದೇ ಸಾಕು. ಒಂದು ಖಾಲಿ ಲೋಟ ಕೊಡಿ ಅನ್ನಿ. ನಾವು ಯಾವಾಗ್ಲೂ ಬೈ ಟುನೇ.”

“ನಮ್ಮ ಲೆಕ್ಕದಲ್ಲಿ ಸಾರ್, ನೀವು ಕೊಡ್ಬೇಕಾಗಿಲ್ಲ.”

“ಯಾರ ಲೆಕ್ಕ ಆದ್ರೇನು ಮೇಡಂ, ಅಭ್ಯಾಸ ಕೆಡಬಾರ್ದು.”

ಕಾಫಿ ಬಂತು. ಶಿವಣ್ಣ ಅದನ್ನು ಕಲಕದೆ, ಮೇಲಿನರ್ಧವನ್ನು ಖಾಲಿ ಲೋಟಕ್ಕೆ ಬಗ್ಗಿಸಿ ಹೆಂಡತಿಯ ಕಡೆ ತಳ್ಳಿದರು. ಕೆಳಗಿನರ್ಧ ತಾವಿಟ್ಟುಕೊಂಡರು. ಜಯಮ್ಮ ಎರಡು ಗುಟುಕಿನಲ್ಲಿ ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಹಡಗಿನ ಕಾಫಿ–ಜ್ಯೂಸ್ ಪ್ಯಾಕೇಜಿನ ವಿಷಯ ತೆಗೆದೆ. ಮೊದಲೇ ಒಂದಿಷ್ಟು ಕಟ್ಟಿದರೆ ಟ್ರಿಪ್ ಮುಗಿಯುವವರೆಗೆ ಕೌಂಟರಿನ ಒಳ್ಳೆಯ ಕಾಫಿ, ಜ್ಯೂಸು ಎಷ್ಟು ಬೇಕಾದರೂ ಕುಡಿಯಬಹುದು. ಒಂದು ರೂಮಿನಲ್ಲಿ ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರೂ ತೆಗೆದುಕೊಳ್ಳಲೇಬೇಕು. ಮತ್ತು ಹಡಗಿನವರು ಒಬ್ಬೊಬ್ಬರಿಗೂ ಕೊಡುವ ಕಾರ್ಡ್ ಯಾರದೋ, ಅವರೇ ಕುಡಿಯಬೇಕು.

ಶಿವಣ್ಣನವರ ಕಣ್ಣು ಮಿಂಚಿತು. “ಕೇಳಿ ಇಲ್ಲಿ ಮೇಡಂ. ಗಂಡ ಹೆಂಡ್ತಿ ಒಂದೊಂದು ರೂಮಾದ್ರೆ ನಾಲ್ಕು ಜನಕ್ಕೂ ತಗೋಬೇಕು. ಅದರ ಬದ್ಲು ಗಂಡಸ್ರು ಒಂದು ರೂಮು, ಹೆಂಗಸ್ರು ಒಂದು ರೂಮು. ಹೆಂಗಸ್ರ ರೂಮಿಗೆ ಮಾತ್ರ ಪ್ಯಾಕೇಜು. ಇವಳು ಒಂದು ತರ್ತಾಳೆ, ನಾವು ಬೈ ಟು. ಸಾವಿತ್ರಮ್ನೋರು ಒಂದು ತರ್ತಾರೆ, ಅವರಿಬ್ರು ಬೈ ಟು. ಹೆಂಗಿದೆ?”

“ಯಾರ ಕಾರ್ಡೋ ಅವರೇ ಕುಡೀಬೇಕು ಸಾರ್.”

“ಕೌಂಟರಲ್ಲಿರೋರೂ ಮನುಷ್ಯರೇ ಅಲ್ವಾ? ಗಂಡ ಹೆಂಡ್ತಿ ಹಂಚ್ಕೊಂಡು ಕುಡಿದ್ರೆ ಬೇಡ ಅಂತಾರಾ?”

ಕೃಷ್ಣಪ್ಪ ನನ್ನತ್ತ ಬಾಗಿ, “ಸಾಯಂಕಾಲದ್ದು ನಮ್ಮ ವ್ಯವಸ್ಥೆ ನಾವು ಮಾಡ್ಕೊಂಡಿದೀವಿ, ಆ ಚಿಂತೆ ನಿಮಗೆ ಬೇಡ” ಎಂದು ಪಿಸುಗುಟ್ಟಿದರು. ಹಡಗಿನವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು ಎಂದುಕೊಂಡು ನಾಲ್ವರ ಹೆಸರನ್ನೂ ಬರೆದುಕೊಂಡೆ.

ಗಂಡಸರು ಸ್ಕೂಟರ್ ತೆಗೆಯಲು ಇಳಿದು ಹೋದ ಮೇಲೆ ಜಯಮ್ಮ ನನ್ನ ಮೇಜಿನ ಹತ್ತಿರವೇ ನಿಂತರು. “ಮೇಡಂ, ನಿಜವಾಗ್ಲೂ ಹಡಗಲ್ಲಿ ಬೈ ಟು ಬಿಡಲ್ವಾ?”

“ಬಿಡಲ್ಲಮ್ಮ. ಯಾಕೆ?”

“ಏನಿಲ್ಲ. ಸಮುದ್ರ ನೋಡ್ಕೊಂಡು ಕೂತು ಒಂದು ಪೂರ್ತಿ ಲೋಟ ಕಾಫಿ ಕುಡೀಬೇಕು ಅಂತ ಆಸೆ. ಮನೇಲಿ ಬೇಕಾದಷ್ಟು ಕುಡೀತೀನಿ ಅನ್ನಿ, ಆದ್ರೆ ಅದು ನಾನೇ ಮಾಡಿದ್ದಲ್ವಾ? ಇನ್ನೊಬ್ರು ಮಾಡಿ ಕೈಗೆ ಕೊಟ್ಟಿದ್ದು ಪೂರ್ತಿ ಲೋಟ ಮದುವೆ ಆದಾಗಿಂದ ಕುಡಿದಿಲ್ಲ.” ಹೇಳಿ ಅವರೇ ನಕ್ಕರು. “ನೋಡಿ, ಎಂಥಾ ದೊಡ್ಡ ಆಸೆ!”

ನನಗೆ ನಗು ಬರಲಿಲ್ಲ. ಆ ಹೆಂಗಸಿಗೆ ಅದೊಂದು ಲೋಟ ಸಿಗಲಿ ಎಂದು ಅಲ್ಲೇ ಗೋಡೆಯ ಮೇಲಿದ್ದ ಗಣಪತಿಗೆ ಕೈ ಮುಗಿದೆ.

ಮುಂಬೈ ಬಂದರಿನಲ್ಲಿ ಕೃಷ್ಣಪ್ಪನವರ ‘ವ್ಯವಸ್ಥೆ’ ಬಯಲಾಯಿತು. ಅವರ ಬ್ಯಾಗಿನಲ್ಲಿ ರಬ್ಬರಿನ ಬಿಸಿನೀರಿನ ಚೀಲವಿತ್ತು, ಮಂಡಿನೋವಿಗೆ ಕಾವು ಕೊಡುತ್ತಾರಲ್ಲ, ಅದು. ಸೆಕ್ಯುರಿಟಿಯವನು ಅದನ್ನು ಅಲುಗಾಡಿಸಿದ, ಮುಚ್ಚಳ ತೆಗೆದು ಮೂಸಿದ, ಮುಖ ಹಿಂದಕ್ಕೆಳೆದುಕೊಂಡ. ಒಳಗೆ ತುಂಬಿದ್ದದ್ದು ರಮ್ಮು.

“ಮಂಡಿನೋವು ಅಂತ ಹೇಳಿ ಮೇಡಂ, ಮಂಡಿನೋವು!” ಎಂದು ಕೃಷ್ಣಪ್ಪ ನನ್ನ ಕಿವಿಯ ಹತ್ತಿರ ಬಂದು ಬೇಡಿದರು. ನಾನು ಹಿಂದಿಯಲ್ಲಿ ಹಾಗೆಯೇ ಹೇಳಿದೆ. ಅವನು ನಗಲೂ ಇಲ್ಲ. ಚೀಲಕ್ಕೆ ರೂಮ್ ನಂಬರಿನ ಚೀಟಿ ಕಟ್ಟಿ, ಇಳಿಯುವ ದಿನ ವಾಪಸ್ ಕೊಡುತ್ತೇವೆ ಎಂದು ಉಗ್ರಾಣಕ್ಕೆ ಕಳಿಸಿಬಿಟ್ಟ. ಅದು ಅಲ್ಲಿಯ ನಿಯಮ.

ಅಷ್ಟರಲ್ಲಿ ಹಿಂದಿನಿಂದ ಕುಂಟುತ್ತಾ ಬಂದ ಸಾವಿತ್ರಮ್ಮ, “ಅಯ್ಯೋ, ಅದು ನಂದು ಕಣ್ರೀ! ನನ್ನ ಮಂಡಿಗೆ ಅಂತ ಮಗಳು ಕೊಡಿಸಿದ್ದು! ಅದ್ಯಾಕ್ರೀ ತಗೊಂಡು ಹೋದ್ರು?” ಎಂದು ಕೂಗಿದರು. ಗಂಡ ಕಡಲನ್ನು ನೋಡುತ್ತಾ ನಿಂತರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ರಬ್ಬರ್ ಚೀಲಕ್ಕೆ ಹೋಯಿತು.

ಮರುದಿನ ಬೆಳಗ್ಗೆ ಮೇಲಿನ ಡೆಕ್ಕಿನ ಕಾಫಿ ಕೌಂಟರಿಗೆ ನಾಲ್ವರೂ ಬಂದರು. ಶಿವಣ್ಣನವರ ಕೈಯಲ್ಲಿ ಮನೆಯಿಂದ ತಂದ ಸ್ಟೀಲ್ ಲೋಟವಿತ್ತು. ಬೈ ಟುಗೆಂದೇ ಹಡಗಿಗೆ ಲೋಟ ತಂದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು, ಅದೇ ಕೊನೆ. ಕೌಂಟರಿನಲ್ಲಿ ರೋಸಿ ಎಂಬ ಗೋವಾದ ಹೆಂಗಸಿದ್ದಳು. ಜಯಮ್ಮ ಕಾರ್ಡ್ ಕೊಟ್ಟರು, ದೊಡ್ಡ ಪಿಂಗಾಣಿ ಕಪ್ಪಿನಲ್ಲಿ ನೊರೆಯುಕ್ಕುವ ಕಾಫಿ ಬಂತು. ಶಿವಣ್ಣ ತಮ್ಮ ಲೋಟ ಮುಂದೆ ಚಾಚಿ, ಕಪ್ಪಿಗೆ ಕೈ ಹಾಕಿದರು.

ರೋಸಿ ಕಪ್ಪಿನ ಮೇಲೆ ಅಂಗೈ ಇಟ್ಟಳು. “ನೋ ಶೇರಿಂಗ್ ಸರ್.”

“ಹೇಳಿ ಮೇಡಂ ಆಯಮ್ಮಂಗೆ, ಇವಳು ನನ್ನ ಹೆಂಡ್ತಿ ಅಂತ!”

ಹೇಳಿದೆ. ಹೆಂಡತಿಯಾದರೇನು, ಕಾರ್ಡ್ ಆಕೆಯದು ಎಂದಳು ರೋಸಿ. ಹಂಚಿಕೊಂಡದ್ದು ಕಂಡರೆ ನಮ್ಮ ಇಡೀ ಗುಂಪಿನ ಪ್ಯಾಕೇಜ್ ರದ್ದಾಗುತ್ತದೆ ಎಂದೂ ಸೇರಿಸಿದಳು. ಅದನ್ನು ಕೇಳಿದ ಗುಂಪಿನವರೆಲ್ಲ ಶಿವಣ್ಣನವರತ್ತ ತಿರುಗಿದರು. “ಸುಮ್ನಿರಿ ಶಿವಣ್ಣೋರೇ, ನಿಮ್ಮಿಂದ ನಮ್ದೂ ಹೋಗುತ್ತೆ” ಎಂದು ಹಿಂದಿನಿಂದ ಯಾರೋ ಗದರಿದರು. ಶಿವಣ್ಣ ಖಾಲಿ ಲೋಟ ಹಿಡಿದುಕೊಂಡು ಪಕ್ಕಕ್ಕೆ ಸರಿದರು.

ಜಯಮ್ಮ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕಂಬಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಮೆಲ್ಲಗೆ ಕುಡಿದರು. ಸರಿಯಾಗಿ ಅರ್ಧ ಆಗುತ್ತಿದ್ದಂತೆ ಅವರ ಕೈ ತಾನಾಗಿ ನಿಂತಿತು. ಕಪ್ಪನ್ನು ಗಂಡನ ಕಡೆಗೆ ಚಾಚಿಯೂಬಿಟ್ಟರು. ರೋಸಿ ಅಲ್ಲಿಂದಲೇ ಕೆಮ್ಮಿದಳು. ಜಯಮ್ಮ ಕಪ್ಪಿನೊಳಗೆ ಒಂದು ಸಲ ನೋಡಿದರು, ಗಂಡನನ್ನು ಒಂದು ಸಲ ನೋಡಿದರು, ಆಮೇಲೆ ಕೈ ಹಿಂದಕ್ಕೆಳೆದುಕೊಂಡು ಉಳಿದದ್ದನ್ನೂ ಕುಡಿದರು.

ನಾನು ಹತ್ತಿರ ಹೋದಾಗ ಅವರ ಕಣ್ಣು ಒದ್ದೆಯಾಗಿತ್ತು. “ಮೇಡಂ, ಸಕ್ಕರೆಯೆಲ್ಲಾ ಕೆಳಗಿರುತ್ತಾ?”

“ಕಲಕದೇ ಇದ್ರೆ ಕೆಳಗೇ ಇರುತ್ತಮ್ಮ.”

“ಓ” ಎಂದರು. “ಹೋಟ್ಲು ಕಾಫಿ ಅಂದ್ರೇ ಕಹಿ ಅಂದ್ಕೊಂಡಿದ್ದೆ ನಾನು. ಇಷ್ಟು ವರ್ಷ.”

ಅಲ್ಲಿಂದ ಮುಂದೆ ಜಯಮ್ಮ ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಕುರ್ಚಿಯಲ್ಲೇ. ಶಿವಣ್ಣನವರದು ಮಷಿನ್ ಕಾಫಿ. ಕೌಂಟರಿನಲ್ಲಿ ದುಡ್ಡು ಕೊಟ್ಟು ಒಂದು ಕಾಫಿ ಕುಡಿಯಿರಿ ಎಂದರೆ, “ಒಂದು ಕಾಫಿಗೆ ಇಲ್ಲಿ ಕೇಳೋ ದುಡ್ಡಲ್ಲಿ ಅಂಗಡಿಗೆ ಒಂದು ಮೂಟೆ ಸಿಮೆಂಟ್ ಬರುತ್ತೆ” ಎಂದು ಮುಖ ಸಿಂಡರಿಸಿದರು. ಎರಡನೆಯ ಸಂಜೆ ಅವರಿಗೆ ತಡೆಯಲಾಗಲಿಲ್ಲ. ಹೆಂಡತಿಯ ಹತ್ತಿರ ಹೋಗಿ, “ಲೇ, ಕಪ್ಪು ತಗೊಂಡು ರೂಮಿಗೆ ಬಾರೇ, ಅಲ್ಲಿ ಯಾರು ನೋಡ್ತಾರೆ” ಎಂದರು.

“ರೂಮಲ್ಲಿ ಸಮುದ್ರ ಕಾಣಲ್ಲ ಕಣ್ರೀ” ಎಂದರು ಜಯಮ್ಮ.

ಶಿವಣ್ಣನವರಿಗೆ ರೇಗಿಹೋಯಿತು. ನೇರ ನನ್ನ ಹತ್ತಿರ ಬಂದರು. “ಮೇಡಂ, ಇವಳ ಪ್ಯಾಕೇಜ್ ಕ್ಯಾನ್ಸಲ್ ಮಾಡ್ಸಿ. ಉಳಿದ ದಿನದ ದುಡ್ಡು ವಾಪಸ್ ಬರ್ಬೇಕು.”

ಎದುರಿಗೇ ಕಪ್ಪು ಹಿಡಿದು ಕೂತಿದ್ದ ಜಯಮ್ಮನವರ ಮುಖದಿಂದ ಬಣ್ಣ ಇಳಿದುಹೋಯಿತು. ಅವರು ಕಪ್ಪನ್ನು ಕೆಳಗಿಟ್ಟರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಟೂರ್ ಮ್ಯಾನೇಜರ್ ಸಿಟ್ಟು ಮಾಡುವ ಹಾಗಿಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ: ಬಾಯಿಗೆ ಬಂದದ್ದನ್ನು ಹೇಳಲಾಗದಿದ್ದಾಗ ನಿಯಮ ಹೇಳಬೇಕು. ನಾನು ನಗುನಗುತ್ತಾ ನಿಯಮ ಹೇಳಿದೆ. “ಒಂದು ರೂಮಿಂದು ಅರ್ಧ ಕ್ಯಾನ್ಸಲ್ ಮಾಡಕ್ಕೆ ಬರಲ್ಲ ಸಾರ್. ತಗೊಳೋವಾಗ ಇಬ್ರೂ ಹೆಂಗೋ, ಬಿಡೋವಾಗ್ಲೂ ಇಬ್ರೂ. ಸಾವಿತ್ರಮ್ನೋರೂ ಒಪ್ಪಬೇಕು.”

ಶಿವಣ್ಣ ದಡದಡನೆ ಸಾವಿತ್ರಮ್ಮನವರ ಹತ್ತಿರ ಹೋದರು. ಆಕೆ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕಲ್ಲಂಗಡಿ ಜ್ಯೂಸು ಕುಡಿಯುತ್ತಾ ಮಂಡಿ ನೀವಿಕೊಳ್ಳುತ್ತಿದ್ದರು. ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು.

“ಒಪ್ತೀನಿ ಶಿವಣ್ಣೋರೇ. ಅದಕ್ಕೇನಂತೆ. ನನ್ನ ಬಿಸಿನೀರಿನ ಚೀಲ ತಂದ್ಕೊಡಿ, ಈಗ್ಲೇ ಒಪ್ತೀನಿ.”

“ಅದು ಇಳಿಯೋ ದಿನ ಕೊಡೋದು ಅಂದಿದಾರಲ್ಲ ತಾಯಿ!”

“ಹಂಗಾದ್ರೆ ಇಳಿಯೋ ದಿನಾನೇ ಒಪ್ತೀನಿ” ಎಂದು ಸಾವಿತ್ರಮ್ಮ ಸ್ಟ್ರಾ ಬಾಯಿಗಿಟ್ಟುಕೊಂಡರು. ಕೃಷ್ಣಪ್ಪ ಮತ್ತೆ ಕಡಲು ನೋಡತೊಡಗಿದರು.

ಮಾಡಿದ್ದುಣ್ಣೋ ಮಹರಾಯ! ಹಡಗಿನ ಯಾವ ಮೂರು ನಿಯಮಗಳನ್ನು ತಪ್ಪಿಸಿಕೊಳ್ಳಲು ಆ ಇಬ್ಬರು ಗಂಡಸರು ಆಫೀಸಿನಲ್ಲಿ ಅಷ್ಟು ತಲೆ ಓಡಿಸಿದ್ದರೋ, ಆ ಮೂರೂ ಸೇರಿಕೊಂಡು ಈಗ ಜಯಮ್ಮನವರ ಕಪ್ಪಿಗೆ ಕಾವಲು ನಿಂತಿದ್ದವು. ನಾನು ಹೋಗಿ ಹೇಳಿದೆ: “ಕುಡೀರಮ್ಮ, ಆರಿಹೋಗುತ್ತೆ.” ಜಯಮ್ಮ ಕಪ್ಪು ಎತ್ತಿಕೊಂಡರು. ಆಮೇಲೆ ಚಮಚ ಕೇಳಿ ತಂದು ಚೆನ್ನಾಗಿ ಕಲಕಿದರು.

ಮುಂಬೈಯಲ್ಲಿ ಇಳಿದಾಗ ರಬ್ಬರ್ ಚೀಲ ವಾಪಸ್ ಬಂತು. ಕೃಷ್ಣಪ್ಪ ಆಸೆಯಿಂದ ಮುಚ್ಚಳ ತೆಗೆದು ಮೂಸಿದರು, ಸುಟ್ಟ ಟೈರಿನ ವಾಸನೆ ಬರುತ್ತಿತ್ತಂತೆ. ಗೋಪಿನಾಥ್ ಸಾರ್ ನನ್ನ ವರದಿ ಕೇಳಿ ಬಿದ್ದು ಬಿದ್ದು ನಕ್ಕರು, ಮುಂದಿನ ಕರಪತ್ರದಲ್ಲಿ ನಕ್ಷತ್ರವನ್ನು ಇನ್ನೂ ಚಿಕ್ಕದು ಮಾಡಿಸಿದರು. ಅದಾದ ಕೆಲವು ತಿಂಗಳಿಗೆ ನಾನು ನಿವೃತ್ತಳಾದೆ.

ಮೊನ್ನೆ ಹೊಸಹಳ್ಳಿ ಮೆಟ್ರೋ ಇಳಿದು ಹೋಗುತ್ತಿದ್ದಾಗ ಒಂದು ದರ್ಶಿನಿಯ ಮುಂದೆ ಶಿವಣ್ಣ, ಜಯಮ್ಮ ಸಿಕ್ಕಿದರು. “ಬನ್ನಿ ಮೇಡಂ, ಕಾಫಿ ಕುಡಿಯೋಣ” ಎಂದು ಶಿವಣ್ಣನವರೇ ಕರೆದರು. ಕರೆದದ್ದೇನೋ ಹೌದು, ಕೌಂಟರಿನಲ್ಲಿ ಮಾತ್ರ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ. “ಒಂದು ಬೈ ಟು, ಇನ್ನೊಂದು...” ಎಂದು ನನ್ನ ಮುಖ ನೋಡಿದರು.

ಜಯಮ್ಮ ಮುಂದೆ ಬಂದು ಅವರ ಮಾತನ್ನು ಮುಗಿಸಿದರು. “ಇನ್ನೊಂದು ಫುಲ್ಲು. ಅದು ನಂಗೆ.”

“ಹಂಗಾದ್ರೆ ಬೈ ಟು ಯಾರ್‍ಯಾರಿಗಮ್ಮ?” ಎಂದ ಕೌಂಟರಿನವನು.

ಶಿವಣ್ಣ ಜೇಬಿನಿಂದ ಚಿಲ್ಲರೆ ತೆಗೆದು ಎಣಿಸತೊಡಗಿದರು. ಪಾಪ ಅನ್ನಿಸಿತು. “ಒಂದು ಅವರಿಗೆ, ಒಂದು ನನಗೆ” ಎಂದೆ ನಾನು.

ಮೂವರೂ ರಸ್ತೆಬದಿಯ ಎತ್ತರದ ಮೇಜಿನ ಸುತ್ತ ನಿಂತೆವು. ನಮ್ಮ ಬೈ ಟು ಎರಡು ಗುಟುಕಿನಲ್ಲಿ ಮುಗಿದುಹೋಯಿತು. ಶಿವಣ್ಣ ಲೋಟ ಬಗ್ಗಿಸಿ ತಳ ನೋಡಿದರು, ಏನೂ ಇರಲಿಲ್ಲ. ಮನೆಗೆ ಹೊರಡೋಣ ಎಂದು ಸ್ಕೂಟರಿನ ಕೀಲಿ ತೆಗೆದವರು ಹೆಂಡತಿಯ ಕಡೆ ನೋಡಿ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಜಯಮ್ಮ ಚಮಚದಿಂದ ಕಲಕಿ, ಊದಿ, ರಸ್ತೆಯ ಕಡೆ ನೋಡುತ್ತಾ ಕುಡಿಯುತ್ತಿದ್ದರು. ಇನ್ನೂ ಅರ್ಧ ಲೋಟವಿತ್ತು. ನಾವಿಬ್ಬರೂ ಕಾದೆವು.